ಸ್ಕ್ಯಾನನ್ನೇ ಪ್ರಕಟಿಸಿ, ಅದರ ನೆರಳನ್ನಲ್ಲ: ವೈದ್ಯಕೀಯ ಇಮೇಜಿಂಗ್ ಪತ್ರಿಕೆಗಳ ಸಂಪಾದಕರಿಗೂ ಪ್ರಕಾಶಕರಿಗೂ ಬಹಿರಂಗ ಪತ್ರ

ಮಾನ್ಯ ಸಂಪಾದಕರೇ, ಪ್ರಕಾಶಕರೇ,

ನಿಮ್ಮ ಪತ್ರಿಕೆಗಳಿಗೆ ಸ್ಕ್ಯಾನ್ ಚಿತ್ರಗಳನ್ನು ಸಿದ್ಧಪಡಿಸುವವರು, ನಿಮಗೆ ಬಂದ ಲೇಖನಗಳನ್ನು ಪರಿಶೀಲಿಸುವವರು, ಬ್ರೌಸರಿನಲ್ಲಿ ಸ್ಕ್ಯಾನ್ ತೆರೆಯುವ ವ್ಯೂವರ್ ಕಟ್ಟುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಕೋರಿಕೆ ಇಷ್ಟೇ: ಲೇಖನ ಯಾವ ಸ್ಕ್ಯಾನಿನ ಮೇಲೆ ನಿಂತಿದೆಯೋ ಆ ಸ್ಕ್ಯಾನಿನ ಪೂರ್ಣ ದತ್ತಾಂಶವನ್ನು ಓದುಗರು ತೆರೆದು ನೋಡುವಂತೆ ಪ್ರಕಟಿಸಿ. ಹಾಗೆ ಪ್ರಕಟಿಸುವಾಗ ದತ್ತಾಂಶವನ್ನೂ ಅದನ್ನು ತೋರಿಸುವ ವ್ಯೂವರನ್ನೂ ಒಂದಕ್ಕೊಂದು ಬೆಸೆಯಬೇಡಿ.

ಈಗ ಏನಾಗುತ್ತಿದೆ ನೋಡಿ. ತೆಳುವಾಗಿ ಕತ್ತರಿಸಿದ ಒಂದು ಎದೆಯ ಸಿಟಿಯಲ್ಲಿ (ಕ್ಷ-ಕಿರಣದ ಸ್ಕ್ಯಾನಿನಲ್ಲಿ) 300ರಿಂದ 400 ಸ್ಲೈಸ್‌ಗಳು, ಅಂದರೆ ದೇಹದ ಅಡ್ಡಸೀಳಿನ ಚಿತ್ರಗಳು ಇರುತ್ತವೆ. ಒಂದೊಂದೂ 512×512 ಪಿಕ್ಸೆಲ್, ಪಿಕ್ಸೆಲ್‌ಗೆ 12 ಬಿಟ್ ಮಾಹಿತಿ, ಅದನ್ನು ಇಡಲು 2 ಬೈಟ್. ಲೆಕ್ಕ ಹಾಕಿದರೆ ಸ್ಲೈಸಿಗೆ ಅರ್ಧ ಎಂಬಿ, 400 ಸ್ಲೈಸಿಗೆ ಸುಮಾರು 200 ಎಂಬಿ. ಇದರಲ್ಲಿ ಲೇಖನದೊಳಗೆ ಬರುವುದು ನಾಲ್ಕೋ ಆರೋ ಜೆಪೆಗ್ ಚಿತ್ರ, ಅದೂ 256 ಬೂದು ಛಾಯೆಗಳಿಗೆ ಇಳಿಸಿದ್ದು. 12 ಬಿಟ್‌ನ 4096 ಹಂತಗಳನ್ನು ಸೀದಾ 256ಕ್ಕೆ ಹಿಂಡಿದರೆ ಒಂದು ಛಾಯೆಯೊಳಗೆ 16 ಹೌನ್ಸ್‌ಫೀಲ್ಡ್ ಮಾನಗಳು (ನೀರನ್ನು 0 ಎಂದಿಟ್ಟು ಸಿಟಿಯಲ್ಲಿ ಅಂಗಾಂಶದ ಸಾಂದ್ರತೆ ಹೇಳುವ ಮಾನ) ಅಡಗುತ್ತವೆ. ಮಿದುಳಿನ ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ಇರುವ ವ್ಯತ್ಯಾಸವೇ ಹತ್ತರ ಆಸುಪಾಸು. ಹಾಗಾಗಿಯೇ ಲೇಖಕರು ಒಂದು ವಿಂಡೋ, ಅಂದರೆ ಬೂದು ಛಾಯೆಗಳನ್ನು ಹಂಚಬೇಕಾದ ಮಾನಗಳ ವ್ಯಾಪ್ತಿ, ಆಯ್ದು ಚಿತ್ರ ತೆಗೆಯುತ್ತಾರೆ. ಎದೆಯ ನಡುಭಾಗಕ್ಕೆಂದು ಅಗಲ 400, ಲೆವೆಲ್ (ನಡುಬಿಂದು) 40 ಇಟ್ಟರೆ −160ರಿಂದ 240ರವರೆಗಿನದ್ದು ಮಾತ್ರ ಕಾಣುತ್ತದೆ. ಶ್ವಾಸಕೋಶದ ಅಂಗಾಂಶ ಇದಕ್ಕಿಂತ ಎಷ್ಟೋ ಕೆಳಗೆ, −700, −800ರ ಸುತ್ತ ಇರುವುದರಿಂದ ಪೂರ್ತಿ ಕಪ್ಪಾಗುತ್ತದೆ. ಅಲ್ಲಿ ಗ್ರೌಂಡ್ ಗ್ಲಾಸ್ ಎನ್ನುವ ಮಬ್ಬು ಛಾಯೆ ಇದ್ದರೂ ಮಾಯ. ಅಗಲ 1500, ಲೆವೆಲ್ −600ರ ಶ್ವಾಸಕೋಶ ವಿಂಡೋ ಇಟ್ಟರೆ ಅದು ಕಾಣುತ್ತದೆ, ಆದರೆ ದುಗ್ಧಗ್ರಂಥಿಯ ಒಳವಿವರ ಬಿಳಿಚಿಹೋಗುತ್ತದೆ. ಶ್ವಾಸಕೋಶದ ಗಂಟಿನ ಅಂಚು ಎಲ್ಲಿ ಮುಗಿಯುತ್ತದೆ ಎನ್ನುವುದೂ ವಿಂಡೋ ಬದಲಾದಂತೆ ಸರಿಯುತ್ತದೆ, 8 ಮಿ.ಮೀ. ಎಂದು ಅಳೆದದ್ದು ಇನ್ನೊಂದು ವಿಂಡೋದಲ್ಲಿ ಅಷ್ಟೇ ಬರಬೇಕೆಂದಿಲ್ಲ. "ಇದರ ಕೆಳಗಿನ ಸ್ಲೈಸಿನಲ್ಲಿ ಇನ್ನೊಂದು ಗಂಟು ಇದೆಯೇ?" ಎಂದು ಓದುಗರು ಕೇಳಿದರೆ ಅಚ್ಚಾದ ಚಿತ್ರದಲ್ಲಿ ಉತ್ತರವಿಲ್ಲ.

ವಿಡಿಯೊ ಕೊಡುತ್ತಿದ್ದೇವಲ್ಲ ಎಂದು ಹಲವು ಪತ್ರಿಕೆಗಳು ಹೇಳುತ್ತವೆ. ಸ್ಲೈಸ್‌ಗಳನ್ನು ಎಂಪಿ4 ಮಾಡಿ ಪೂರಕ ಫೈಲ್ ಆಗಿ ಸೇರಿಸುವ ಆ ಪದ್ಧತಿ ಅರ್ಧ ದಾರಿ ಮಾತ್ರ. ವಿಡಿಯೊದಲ್ಲೂ ವಿಂಡೋ ಬೀಗ ಹಾಕಿದಂತೆ ನಿಂತಿರುತ್ತದೆ. ಎಚ್.264ನಂಥ ಸಂಕೋಚನ ಪದ್ಧತಿ ಒಂದು ಫ್ರೇಮಿನ ಮಾಹಿತಿಯನ್ನು ಅಕ್ಕಪಕ್ಕದ ಫ್ರೇಮಿನಿಂದ ಊಹಿಸಿ ಕಟ್ಟುತ್ತದೆ. ನಡೆದಾಡುವ ಮನುಷ್ಯರ ವಿಡಿಯೊಗೆ ಅದು ಸರಿ. ಮೂರು ಪಿಕ್ಸೆಲ್ ಅಗಲದ ಸುಣ್ಣದ ಚುಕ್ಕೆಗೆ ಸರಿಯಲ್ಲ, ಅದು ಪಕ್ಕದ ಅಂಗಾಂಶದೊಳಗೆ ಕಲಸಿಹೋಗುತ್ತದೆ. ಪೂರ್ಣ ಫ್ರೇಮುಗಳು ಬಹಳ ದೂರ ದೂರ ಇದ್ದರೆ ಹಿಂದೆ ಮುಂದೆ ಎಳೆದಾಗ ಬೇಕಾದ ಸ್ಲೈಸಿನ ಮೇಲೆ ನಿಲ್ಲುವುದೂ ಕಷ್ಟ. ವಿಡಿಯೊ ಕೊಡಲೇಬೇಕಾದ ಸಂದರ್ಭ ಬಂದರೆ ಪ್ರತಿ ಫ್ರೇಮನ್ನೂ ಪೂರ್ಣ ಫ್ರೇಮಾಗಿಯೇ ಎನ್‌ಕೋಡ್ ಮಾಡಲು ಲೇಖಕರಿಗೆ ಹೇಳಿ. ಫೈಲ್ ದಪ್ಪವಾಗುತ್ತದೆ, ಆದರೆ ಬೇಕಾದಲ್ಲಿ ನಿಲ್ಲುತ್ತದೆ.

ಪೂರ್ಣ ದತ್ತಾಂಶ ಪ್ರಕಟಿಸುವ ಯೋಚನೆ ಹೊಸದಲ್ಲ. 2008ರಲ್ಲಿ ಆಪ್ಟಿಕಲ್ ಸೊಸೈಟಿ ಆಫ್ ಅಮೆರಿಕ, ಅಲ್ಲಿನ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಬೆಂಬಲದೊಂದಿಗೆ ‘ಇಂಟರ್‌ಆಕ್ಟಿವ್ ಸೈನ್ಸ್ ಪಬ್ಲಿಷಿಂಗ್’ ಶುರು ಮಾಡಿತು. ಲೇಖನದ ಕೊಂಡಿ ಒತ್ತಿದರೆ ಮೂಲ ದತ್ತಾಂಶ ಇಳಿದು, ಓದುಗರು ಮೂರು ಆಯಾಮದಲ್ಲಿ ತಿರುಗಿಸಿ ನೋಡಬಹುದಾಗಿತ್ತು. ಆದರೆ ಅದಕ್ಕೆ ಬೇರೆಯೇ ಸಾಫ್ಟ್‌ವೇರನ್ನು ಗಣಕದಲ್ಲಿ ಅಳವಡಿಸಿಕೊಳ್ಳಬೇಕಿತ್ತು. ಆಸ್ಪತ್ರೆಯ ಗಣಕದಲ್ಲಿ ಸಾಫ್ಟ್‌ವೇರ್ ಅಳವಡಿಸಲು ವೈದ್ಯರಿಗೆ ಸಾಮಾನ್ಯವಾಗಿ ಅನುಮತಿಯೇ ಇರುವುದಿಲ್ಲ. ಬೇರೆ ಕಡೆ ಫ್ಲಾಶ್, ಜಾವಾ ಆ್ಯಪ್ಲೆಟ್, ತ್ರಿ-ಆಯಾಮದ ಪಿಡಿಎಫ್ ಬಳಸಿದವರಿದ್ದಾರೆ. ಕ್ರೋಮ್ ಬ್ರೌಸರ್ 2015ರಲ್ಲಿ ಜಾವಾ ಪ್ಲಗಿನ್ನಿಗೆ ಬೆಂಬಲ ನಿಲ್ಲಿಸಿತು. ಫ್ಲಾಶ್ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. 2021ರ ಜನವರಿ 12ರಿಂದ ಫ್ಲಾಶ್ ಪ್ಲೇಯರ್ ತಾನೇ ಫ್ಲಾಶ್ ಫೈಲುಗಳನ್ನು ತಡೆಯತೊಡಗಿತು. ತ್ರಿ-ಆಯಾಮದ ಪಿಡಿಎಫ್ ಅಡೋಬಿಯ ರೀಡರಿನಲ್ಲಿ ತೆರೆದೀತು, ಬ್ರೌಸರ್‌ಗಳೊಳಗಿನ ಪಿಡಿಎಫ್ ಓದುಗದಲ್ಲಿ ಖಾಲಿ ಚೌಕವೋ ತಿರುಗದ ಚಿತ್ರವೋ ಅಷ್ಟೇ. ಈ ಎಲ್ಲದರಲ್ಲೂ ಸತ್ತದ್ದು ತೋರಿಸುವ ತಂತ್ರ. ಎಲ್ಲಿ ದತ್ತಾಂಶವನ್ನು ಆ ತಂತ್ರದ ಹೊಟ್ಟೆಯೊಳಗೆ ಹೊಲಿದುಬಿಟ್ಟಿದ್ದರೋ ಅಲ್ಲಿ ದತ್ತಾಂಶವೂ ಜೊತೆಗೇ ಹೋಯಿತು. ನಮ್ಮ ಕೋರಿಕೆಯ ಎರಡನೇ ಭಾಗ ಹುಟ್ಟಿದ್ದು ಇಲ್ಲಿಂದ.

ಬೇರೆಯಾಗಿ ಇಡುವುದೆಂದರೆ ಹೀಗೆ. ಸ್ಕ್ಯಾನಿನ ಫೈಲುಗಳು ವೈದ್ಯಕೀಯ ಚಿತ್ರಗಳ ಮಾನಕವಾದ ಡೈಕಾಮ್ ರೂಪದಲ್ಲೇ ಇರಲಿ. 1993ರಿಂದ ಇರುವ ಈ ಮಾನಕವನ್ನು ಹತ್ತಾರು ಉಪಕರಣಗಳು ಓದುತ್ತವೆ, ಮುಂದೆಯೂ ಓದುತ್ತವೆ. ಆ ಫೈಲುಗಳಿಗೆ ಲೇಖನದ್ದಲ್ಲದ, ತಮ್ಮದೇ ಆದ ಡಿಒಐ (ಬದಲಾಗದ ಗುರುತಿನ ಕೊಂಡಿ) ಕೊಟ್ಟು ಭಂಡಾರದಲ್ಲಿಡಿ. ಕ್ಯಾನ್ಸರ್ ಚಿತ್ರಗಳಿಗೆ ‘ದಿ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್’ ಇದೆ. ಸಾಮಾನ್ಯ ಬಳಕೆಗೆ ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸುವ ಜೆನೊಡೊ ಇದೆ, ಅಲ್ಲಿ ಒಂದು ದಾಖಲೆಗೆ 50 ಜಿಬಿವರೆಗೆ ಜಾಗ ಸಿಗುತ್ತದೆ. ಲೇಖನದ ಎಕ್ಸ್‌ಎಂಎಲ್‌ನಲ್ಲಿ (ಯಂತ್ರ ಓದುವ ಪ್ರತಿಯಲ್ಲಿ) ಆ ಡಿಒಐ ಬರಲಿ. ಪಿಡಿಎಫ್‌ನಲ್ಲಿ ಎಂದಿನ ಸ್ಥಿರ ಚಿತ್ರ, ಅದರಡಿ ಅದೇ ಡಿಒಐ. ವ್ಯೂವರ್ ಎನ್ನುವುದು ಇದರ ಮೇಲೆ ಹೊದಿಸಿದ ತೆಳುವಾದ ಪದರ: ಇಂದು ಓಎಚ್‌ಐಎಫ್, ನಿವ್ಯೂ, ಕಾರ್ನರ್‌ಸ್ಟೋನ್‌ನಂಥ ಮುಕ್ತ ಆಕರದವು ಇವೆ, ಅಳವಡಿಕೆಯ ತೊಡಕಿಲ್ಲದೆ ಬ್ರೌಸರಿನಲ್ಲೇ ತೆರೆಯುತ್ತವೆ. ಹತ್ತು ವರ್ಷದ ಮೇಲೆ ಇನ್ನೊಂದು ಬರಲಿ. ಬದಲಾಯಿಸಬೇಕಾದ್ದು ಒಂದು ಪದರ, ಸಾವಿರ ಲೇಖನಗಳಲ್ಲ.

ಚಿತ್ರದ ಅಡಿಬರಹವೂ ಬದಲಾಗಬೇಕು. "ಚಿತ್ರ 3, ಬಾಣ ನೋಡಿ" ಸಾಲದು. ಅಡಿಬರಹದ ಕೊಂಡಿ ಒತ್ತಿದಾಗ ಲೇಖಕರು ನೋಡಿದ ಅದೇ ಸ್ಲೈಸ್, ಅದೇ ವಿಂಡೋ, ಅದೇ ಹಿಗ್ಗಳತೆ, ಅದೇ ಬಾಣದೊಂದಿಗೆ ತೆರೆಯಬೇಕು. ಅಲ್ಲಿಂದ ಮುಂದೆ ಓದುಗರ ಇಷ್ಟ. ಡೈಕಾಮ್‌ನಲ್ಲಿ ಇದಕ್ಕೆಂದೇ ‘ಪ್ರೆಸೆಂಟೇಶನ್ ಸ್ಟೇಟ್’ ಎಂಬ ವಸ್ತುವಿದೆ. ಮೂಲ ಪಿಕ್ಸೆಲ್ ಮುಟ್ಟದೆ ಬಾಣ, ಅಳತೆ, ವಿಂಡೋಗಳನ್ನು ಪ್ರತ್ಯೇಕ ಫೈಲಿನಲ್ಲಿಡುತ್ತದೆ. ಸ್ಲೈಸನ್ನು "ಸ್ಲೈಸ್ 143" ಎಂದು ಎಣಿಕೆಯಿಂದ ಮಾತ್ರ ಹೆಸರಿಸಬೇಡಿ. ಒಂದು ವ್ಯೂವರ್ ಸೊನ್ನೆಯಿಂದ ಎಣಿಸುತ್ತದೆ, ಇನ್ನೊಂದು ಒಂದರಿಂದ. ಒಂದು ತಲೆಯಿಂದ ಕಾಲಿಗೆ, ಇನ್ನೊಂದು ಕಾಲಿನಿಂದ ತಲೆಗೆ. ಚಿತ್ರದ ವಿಶಿಷ್ಟ ಗುರುತು ಸಂಖ್ಯೆಯೋ ಮಿಲಿಮೀಟರಿನಲ್ಲಿ ಹೇಳಿದ ಸ್ಥಾನವೋ ಇದ್ದರೆ ಈ ಗೊಂದಲವಿಲ್ಲ.

ಸ್ಲೈಸ್‌ಗಳನ್ನು ಜೋಡಿಸುವಲ್ಲಿ ಆಗುವ ತಪ್ಪುಗಳ ಬಗ್ಗೆ ತುಸು ಬಿಡಿಸಿ ಹೇಳಬೇಕು, ಏಕೆಂದರೆ ಇವು ಕಣ್ಣಿಗೆ ಬೀಳದೆ ಅಚ್ಚಿಗೆ ಹೋಗುವಂಥವು. ಫೈಲಿನ ಹೆಸರಿನ ಕ್ರಮದಲ್ಲಿ ಜೋಡಿಸಿದರೆ 1ರ ನಂತರ 10, 100 ಬಂದು ಆಮೇಲೆ 2 ಬರುತ್ತದೆ. ಡೈಕಾಮ್‌ನ ಇನ್‌ಸ್ಟೆನ್ಸ್ ನಂಬರನ್ನೂ (ಫೈಲಿನೊಳಗೆ ಬರೆದ ಚಿತ್ರದ ಕ್ರಮಸಂಖ್ಯೆ) ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರತಿ ಸ್ಲೈಸಿನ ಸ್ಥಾನವನ್ನು 0020,0032 ಟ್ಯಾಗಿನಿಂದಲೂ (ಟ್ಯಾಗ್ ಎಂದರೆ ಫೈಲಿನೊಳಗೆ ಮಾಹಿತಿ ಇಡುವ ಖಾನೆ) ದಿಕ್ಕನ್ನು 0020,0037ರಿಂದಲೂ ತೆಗೆದುಕೊಂಡು, ಸ್ಲೈಸಿನ ಲಂಬರೇಖೆಯ ಮೇಲೆ ಆ ಸ್ಥಾನ ಎಲ್ಲಿ ಬೀಳುತ್ತದೆಂದು ಲೆಕ್ಕಹಾಕಿ ಜೋಡಿಸಬೇಕು. ಎರಡು ಸ್ಲೈಸ್‌ಗಳ ನಡುವಿನ ಅಂತರವನ್ನೂ ಇದರಿಂದಲೇ ತೆಗೆಯಬೇಕು. ಸ್ಲೈಸಿನ ದಪ್ಪ ಎಂಬ ಟ್ಯಾಗನ್ನೇ ಅಂತರವೆಂದು ಹಿಡಿದರೆ, 2 ಮಿ.ಮೀ. ದಪ್ಪದ ಸ್ಲೈಸ್‌ಗಳನ್ನು 1 ಮಿ.ಮೀ. ಅಂತರದಲ್ಲಿ ಕಟ್ಟಿದ ಸ್ಕ್ಯಾನಿನಲ್ಲಿ ದೇಹ ಎರಡರಷ್ಟು ಉದ್ದವಾಗುತ್ತದೆ. ಅಂತರ ಒಂದು ಕಡೆ ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ ಅಲ್ಲೊಂದು ಸ್ಲೈಸ್ ಕಳೆದಿದೆ ಎಂದರ್ಥ. ಸಿಟಿಯ ಕಚ್ಚಾ ಸಂಖ್ಯೆಯನ್ನು ರೀಸ್ಕೇಲ್ ಸ್ಲೋಪ್‌ನಿಂದ ಗುಣಿಸಿ ಇಂಟರ್‌ಸೆಪ್ಟ್ ಕೂಡಿಸದೆ ತೋರಿಸಿದರೆ, ಇಂಟರ್‌ಸೆಪ್ಟ್ −1024 ಇರುವ ಫೈಲಿನಲ್ಲಿ ನೀರು 0 ಆಗುವ ಬದಲು 1024 ಎಂದು ಕಾಣುತ್ತದೆ. ಎಂಆರ್‌ಐಗೆ ಇಂಥ ನಿಗದಿತ ಮಾನವಿಲ್ಲ, ಆದ್ದರಿಂದ ಅಲ್ಲಿ ವಿಂಡೋ ಮೌಲ್ಯವನ್ನು ಪ್ರತಿ ಸರಣಿಗೂ (ಒಂದು ಸಲಕ್ಕೆ ತೆಗೆದ ಸ್ಲೈಸ್‌ಗಳ ಗುಂಪಿಗೂ) ಬೇರೆಯಾಗಿ ದಾಖಲಿಸಬೇಕು.

ಎಲ್ಲಕ್ಕಿಂತ ಅಪಾಯದ್ದು ಎಡ-ಬಲ ಅದಲುಬದಲಾಗುವುದು. ಡೈಕಾಮ್‌ನಲ್ಲಿ ಅಡ್ಡ ಅಕ್ಷ ರೋಗಿಯ ಎಡಕ್ಕೆ ಹೋದಂತೆ ಹೆಚ್ಚುತ್ತದೆ. ಮಿದುಳು ಸಂಶೋಧಕರು ಬಳಸುವ ನಿಫ್ಟಿ ರೂಪದಲ್ಲಿ ಬಲಕ್ಕೆ ಹೋದಂತೆ ಹೆಚ್ಚುತ್ತದೆ. ಮುಂದು-ಹಿಂದಿನ ಅಕ್ಷವೂ ತಿರುಗುಮುರುಗು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಚಿಹ್ನೆ ತಪ್ಪಿದರೆ ಎಡಗಡೆಯ ಗಡ್ಡೆ ಬಲಕ್ಕೆ ಬರುತ್ತದೆ. ಹೊಟ್ಟೆಯಲ್ಲಾದರೆ ಯಕೃತ್ತು ಎತ್ತಲಿದೆ ಎಂದು ನೋಡಿ ಹಿಡಿಯಬಹುದು. ಮಿದುಳಿನ ಎರಡು ಪಕ್ಕಗಳು ಒಂದೇ ತೆರ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕಾಗಿಯೇ ಕೆಲವು ಸಂಶೋಧಕರು ಸ್ಕ್ಯಾನ್ ಮಾಡುವಾಗ ತಲೆಯ ಬಲಗಡೆ ವಿಟಮಿನ್ ಇ ಮಾತ್ರೆಯೊಂದನ್ನು ಅಂಟಿಸುತ್ತಾರೆ. ಎಂಆರ್‌ಐನಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಅಂಥ ಗುರುತಿಲ್ಲದ ಕಡೆ, ಪರಿವರ್ತಿಸಿದ ಫೈಲನ್ನು ಮೂಲ ಡೈಕಾಮ್‌ನ ಪಕ್ಕದಲ್ಲಿಟ್ಟು ಒಂದೇ ಬಿಂದುವಿನ ಸ್ಥಾನ ತಾಳೆ ನೋಡುವುದನ್ನು ನಿಮ್ಮ ಪತ್ರಿಕೆ ಕಡ್ಡಾಯ ಮಾಡಬೇಕು.

ಇನ್ನು ಗುರುತು ಅಳಿಸುವ ಕೆಲಸ. ದತ್ತಾಂಶ ಪ್ರಕಟಿಸಲು ನೀವು ಹಿಂಜರಿಯುವುದು ಮುಖ್ಯವಾಗಿ ಇದಕ್ಕೇ, ಮತ್ತು ಆ ಹಿಂಜರಿಕೆ ನ್ಯಾಯವಾದದ್ದೇ. ರೋಗಿಯ ಹೆಸರು, ಗುರುತು ಸಂಖ್ಯೆ, ಹುಟ್ಟಿದ ದಿನ ಅಳಿಸಿದರೆ ಮುಗಿಯಿತು ಎಂದುಕೊಳ್ಳುವುದು ತಪ್ಪು. ಆಸ್ಪತ್ರೆಯ ಹೆಸರು, ವೈದ್ಯರ ಹೆಸರು, ತಂತ್ರಜ್ಞರು ಬರೆದ ಟಿಪ್ಪಣಿ, ಅಧ್ಯಯನದ ವಿಶಿಷ್ಟ ಗುರುತು ಸಂಖ್ಯೆ ಎಲ್ಲವೂ ಒಳಗೇ ಇರುತ್ತವೆ. ಡೈಕಾಮ್ ಮಾನಕದ 15ನೇ ಭಾಗದಲ್ಲಿ ಯಾವ ಟ್ಯಾಗನ್ನು ಅಳಿಸಬೇಕು, ಯಾವುದನ್ನು ಖಾಲಿ ಬಿಡಬೇಕು, ಯಾವುದನ್ನು ಬದಲಿಸಬೇಕು ಎಂಬ ಪೂರ್ಣ ಪಟ್ಟಿಯಿದೆ. ಲೇಖಕರು ಸ್ವಂತ ಪಟ್ಟಿ ಮಾಡಿಕೊಳ್ಳುವ ಬದಲು ಇದನ್ನೇ ಅನುಸರಿಸಲಿ. ವಿಶಿಷ್ಟ ಗುರುತು ಸಂಖ್ಯೆಗಳನ್ನು ಬದಲಿಸುವಾಗ ಒಂದೇ ಹಳೆಯ ಸಂಖ್ಯೆಗೆ ಎಲ್ಲ ಕಡೆ ಒಂದೇ ಹೊಸ ಸಂಖ್ಯೆ ಬರಬೇಕು. ಇಲ್ಲದಿದ್ದರೆ ಗಡ್ಡೆಯ ಗಡಿ ಎಳೆದ ಫೈಲಿಗೆ ತನ್ನ ಸ್ಕ್ಯಾನ್ ಯಾವುದೆಂದೇ ತಿಳಿಯದೆ ಅನಾಥವಾಗುತ್ತದೆ.

ಕುರುಡಾಗಿ ಎಲ್ಲವನ್ನೂ ಅಳಿಸಿದರೂ ಕೆಡುತ್ತದೆ. ಬೆಸ ಸಂಖ್ಯೆಯ ಗುಂಪಿನಲ್ಲಿರುವ ಖಾಸಗಿ ಟ್ಯಾಗುಗಳಲ್ಲಿ ಗುರುತಿನ ಮಾಹಿತಿ ಅವಿತಿರಬಹುದು. ಹಾಗೆಂದು ಸಾರಾಸಗಟಾಗಿ ತೆಗೆದರೆ, ಕೆಲವು ಯಂತ್ರಗಳ ಡಿಫ್ಯೂಷನ್ ಎಂಆರ್‌ಐನಲ್ಲಿ ಬಿ-ಮೌಲ್ಯವೂ (ನೀರಿನ ಚಲನೆಯನ್ನು ಎಷ್ಟು ತೀವ್ರವಾಗಿ ಅಳೆದಿದೆ ಎಂಬ ಸಂಖ್ಯೆ) ಅದರೊಡನೆ ಹೋಗಿ ಸರಣಿ ನಿರುಪಯುಕ್ತವಾಗುತ್ತದೆ. ಪೆಟ್ ಸ್ಕ್ಯಾನಿನಲ್ಲಿ ಎಸ್‌ಯುವಿ (ಚುಚ್ಚಿದ ವಿಕಿರಣ ಔಷಧವನ್ನು ಅಂಗಾಂಶ ಎಷ್ಟು ಹೀರಿದೆ ಎಂಬ ಅಳತೆ) ಲೆಕ್ಕ ಹಾಕಲು ರೋಗಿಯ ತೂಕ, ಕೊಟ್ಟ ಔಷಧದ ವಿಕಿರಣ ಪ್ರಮಾಣ, ಚುಚ್ಚಿದ ಹೊತ್ತು, ಸ್ಕ್ಯಾನ್ ಶುರುವಾದ ಹೊತ್ತು ನಾಲ್ಕೂ ಬೇಕು. ಪೆಟ್‌ಗೆ ಬಳಸುವ ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಚುಚ್ಚಿದ 60 ನಿಮಿಷಕ್ಕೆ ಉಳಿಯುವುದು ಮೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಹೊತ್ತಿನ ಟ್ಯಾಗುಗಳನ್ನು ಸೊನ್ನೆ ಮಾಡಿದರೆ ಲೆಕ್ಕ ಅಷ್ಟರಮಟ್ಟಿಗೆ ದಾರಿ ತಪ್ಪುತ್ತದೆ, ತೂಕ ಅಳಿಸಿದರೆ ಲೆಕ್ಕವೇ ಇಲ್ಲ. ದಿನಾಂಕಗಳನ್ನು ಅಳಿಸದೆ, ಒಬ್ಬ ರೋಗಿಯ ಎಲ್ಲ ಸ್ಕ್ಯಾನುಗಳಲ್ಲೂ ಒಂದೇ ಸಂಖ್ಯೆಯ ದಿನಗಳಷ್ಟು ಸರಿಸುವುದು ಸರಿಯಾದ ದಾರಿ. ಆಗ ಎರಡು ಸ್ಕ್ಯಾನುಗಳ ನಡುವಿನ ಅಂತರ ಉಳಿಯುತ್ತದೆ. ಗಡ್ಡೆ ಬೆಳೆದ ವೇಗ ತಿಳಿಯುವುದು ಅದರಿಂದಲೇ.

ಟ್ಯಾಗು ಬಿಟ್ಟು ಪಿಕ್ಸೆಲ್ಲಿಗೆ ಬನ್ನಿ. ಅಲ್ಟ್ರಾಸೌಂಡ್ ಚಿತ್ರದ ಮೇಲಂಚಿನಲ್ಲಿ ರೋಗಿಯ ಹೆಸರು ಚಿತ್ರದ ಭಾಗವಾಗಿಯೇ ಅಚ್ಚಾಗಿರುತ್ತದೆ. ವಿಕಿರಣ ಪ್ರಮಾಣದ ವರದಿಯ ಪುಟ, ಸ್ಕ್ಯಾನ್ ಮಾಡಿದ ಕೋರಿಕೆ ಚೀಟಿ, ತೆರೆಯ ಚಿತ್ರಗಳು ಸರಣಿಗಳ ನಡುವೆ ಸದ್ದಿಲ್ಲದೆ ಸೇರಿಕೊಂಡಿರುತ್ತವೆ. ಚಿತ್ರದಲ್ಲಿ ಬರಹ ಅಚ್ಚಾಗಿದೆಯೇ ಎಂದು ಹೇಳುವ 0028,0301 ಟ್ಯಾಗ್ ಇದೆಯಾದರೂ ಅದು ಎಷ್ಟೋ ಫೈಲುಗಳಲ್ಲಿ ಇರುವುದೇ ಇಲ್ಲ, ಇದ್ದರೂ ನಂಬಿ ಕೂರುವಂತಿಲ್ಲ. ಸಿಟಿ, ಎಂಆರ್‌ಐ, ಪೆಟ್ ಸರಣಿಗಳಲ್ಲಿ ಯಂತ್ರದಿಂದ ನೇರ ಬಂದ ಚಿತ್ರಗಳನ್ನು ಮಾತ್ರ ಉಳಿಸಿ, ಆಮೇಲೆ ಸೆರೆಹಿಡಿದು ಸೇರಿಸಿದ ‘ಸೆಕೆಂಡರಿ ಕ್ಯಾಪ್ಚರ್’ ಬಗೆಯವನ್ನು ಮೊದಲೇ ಹೊರಗಿಡಿ. ಆಮೇಲೂ ಒಬ್ಬ ಮನುಷ್ಯ ಪ್ರತಿ ಸರಣಿಯನ್ನೂ ಮೊದಲಿನಿಂದ ಕೊನೆಯವರೆಗೆ ಉರುಳಿಸಿ ನೋಡಲೇಬೇಕು. ಈ ಹೆಜ್ಜೆಗೆ ಬದಲಿಯಿಲ್ಲ.

ಮುಖದ ವಿಷಯ ಬೇರೆಯೇ. ತಲೆಯ ತೆಳು ಸ್ಲೈಸ್‌ಗಳಿಂದ ಚರ್ಮದ ಮೇಲ್ಮೈ ಕಟ್ಟಿದರೆ ಮುಖ ಎದ್ದು ಬರುತ್ತದೆ. 2019ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ವರದಿಯೊಂದರಲ್ಲಿ, ಮುಖ ಗುರುತಿಸುವ ಸಾಫ್ಟ್‌ವೇರ್ 84 ಸ್ವಯಂಸೇವಕರ ಪೈಕಿ 70 ಮಂದಿಯ ಎಂಆರ್‌ಐಯನ್ನು ಅವರವರ ಭಾವಚಿತ್ರಕ್ಕೆ ಸರಿಯಾಗಿ ಹೊಂದಿಸಿತ್ತು. ಮಿದುಳಿನ ಲೇಖನವಾದರೆ ಪೈಡಿಫೇಸ್‌ನಂಥ ಉಪಕರಣದಿಂದ ಮುಖದ ಭಾಗ ತೆಗೆಯಬಹುದು. ತೆಗೆದ ಮೇಲೆ ಮಿದುಳಿನ ಮುಂಭಾಗಕ್ಕೆ ಕತ್ತರಿ ಬಿದ್ದಿಲ್ಲವೇ ಎಂದು ನೋಡಬೇಕು. ಕಣ್ಣುಗೂಡು, ಸೈನಸ್, ದವಡೆಯ ಲೇಖನಕ್ಕೆ ಆ ದಾರಿಯಿಲ್ಲ, ಬೇಕಾದ್ದೇ ಮುಖ. ಅಲ್ಲಿ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಪ್ರಕಟಿಸಿ, ಇಲ್ಲವೇ ನೋಂದಾಯಿತ ಓದುಗರಿಗೆ ಮಾತ್ರ ತೆರೆಯಿರಿ. ಯಾವ ದಾರಿಯಾದರೂ ರೋಗಿಯ ಒಪ್ಪಿಗೆ ಪತ್ರದಲ್ಲಿ "ನನ್ನ ಚಿತ್ರಗಳು" ಎಂದಷ್ಟೇ ಇದ್ದರೆ ಸಾಲದು. ಪೂರ್ಣ ಸ್ಕ್ಯಾನ್ ಯಾರಾದರೂ ಇಳಿಸಿಕೊಳ್ಳುವಂತೆ ಪ್ರಕಟವಾಗುತ್ತದೆ, ಇಳಿಸಿಕೊಂಡದ್ದನ್ನು ಹಿಂಪಡೆಯಲಾಗದು ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಬರೆದಿರಬೇಕು. ಈ ಒಂದು ಸಾಲನ್ನು ನಿಮ್ಮ ಒಪ್ಪಿಗೆ ನಮೂನೆಯಲ್ಲಿ ಇವತ್ತೇ ಸೇರಿಸಬಹುದು.

ಓದುಗರ ಕಡೆಯ ತೊಡಕುಗಳು ಇಷ್ಟು ಗಂಭೀರವಲ್ಲ, ಆದರೆ ಅಸಡ್ಡೆ ಮಾಡಿದರೆ ಯಾರೂ ತೆರೆಯುವುದಿಲ್ಲ. 200 ಎಂಬಿ ಪೂರ್ತಿ ಇಳಿಯುವವರೆಗೆ ಖಾಲಿ ತೆರೆ ತೋರಿಸಬೇಡಿ. ಲೇಖಕರು ಹೆಸರಿಸಿದ ಸ್ಲೈಸ್ ಮೊದಲು ಬರಲಿ, ಅದರ ಅಕ್ಕಪಕ್ಕದವು ಆಮೇಲೆ, ಉಳಿದದ್ದು ಹಿನ್ನೆಲೆಯಲ್ಲಿ. ನಷ್ಟವಿಲ್ಲದ ಸಂಕೋಚನ ಸಿಟಿಯನ್ನು ಸಾಮಾನ್ಯವಾಗಿ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಸುತ್ತದೆ. ಜೆಪೆಗ್ 2000ದ ಹೊಸ ವೇಗದ ರೂಪದಲ್ಲಿ ಮೊದಲು ಒರಟು ಚಿತ್ರ ಬಂದು ನಂತರ ಅದೇ ಫೈಲಿನಿಂದ ವಿವರ ತುಂಬಿಕೊಳ್ಳುತ್ತದೆ. ಮೊಬೈಲಿನಲ್ಲಿ ಕಷ್ಟ ಬರುವುದು ಸ್ಮೃತಿಯಿಂದ: 2 ಬೈಟ್‌ನ ಪಿಕ್ಸೆಲ್ಲನ್ನು 4 ಬೈಟ್‌ನ ದಶಮಾಂಶ ಸಂಖ್ಯೆಯಾಗಿ ಬದಲಿಸಿದರೆ 200 ಎಂಬಿ 400 ಆಗಿ ಬ್ರೌಸರ್ ಟ್ಯಾಬ್ ಕುಸಿಯುತ್ತದೆ. 2 ಬೈಟ್‌ನ ಅರ್ಧ-ನಿಖರತೆಯ ಸಂಖ್ಯೆ ಬಳಸಿದರೆ 2048ರವರೆಗಿನ ಪೂರ್ಣಾಂಕಗಳು ಒಂದೂ ಕೆಡದೆ ಕೂರುತ್ತವೆ. ಮೃದು ಅಂಗಾಂಶಕ್ಕೆ ಅಷ್ಟು ಸಾಕು, ಅದಕ್ಕಿಂತ ಮೇಲಿನ ಲೋಹದ ಮಾನಗಳಲ್ಲಿ ಮಾತ್ರ ಒಂದರ ವ್ಯತ್ಯಾಸ ಕಳೆಯುತ್ತದೆ. ಮೂರು ಆಯಾಮದ ನೋಟಕ್ಕೆ ಪ್ರತಿ ದಿಕ್ಕಿನಲ್ಲೂ ಅರ್ಧಕ್ಕಿಳಿಸಿದ ಇನ್ನೊಂದು ಪ್ರತಿ ಇಡಿ: 256×256×200 ಅಂದರೆ ಸುಮಾರು 26 ಎಂಬಿ. ಬ್ರೌಸರಿನಲ್ಲಿ ಗ್ರಾಫಿಕ್ಸ್ ತೋರಿಸುವ ವೆಬ್‌ಜಿಎಲ್ 2 ಇರುವ ಯಾವ ಸಾಧನವೂ ಪ್ರತಿ ದಿಕ್ಕಿನಲ್ಲಿ 256ರವರೆಗಿನ ತ್ರಿ-ಆಯಾಮದ ಟೆಕ್ಸ್ಚರನ್ನು (ಚಿತ್ರದ ದತ್ತಾಂಶವನ್ನು) ಹಿಡಿಯಲೇಬೇಕೆಂಬ ನಿಯಮವಿರುವುದರಿಂದ ಇದು ಎಲ್ಲೆಡೆ ತೆರೆಯುತ್ತದೆ. ಆದರೆ ಅಳತೆ ತೆಗೆಯುವ ಉಪಕರಣ ಪೂರ್ಣ ದತ್ತಾಂಶದ ಮೇಲೆ ಮಾತ್ರ ನಡೆಯಲಿ, ಇಳಿಸಿದ ಪ್ರತಿಯ ಮೇಲೆ ಬೇಡ.

ಮೌಸಿನ ಚಕ್ರ ಉರುಳಿಸಿದಾಗ ಪುಟ ಜಾರಬೇಕೋ ಸ್ಲೈಸ್ ಬದಲಾಗಬೇಕೋ ಎಂಬ ಜಗಳ ಪ್ರತಿ ವ್ಯೂವರಿನಲ್ಲೂ ಬರುತ್ತದೆ. ಓದುಗರು ಚಿತ್ರದ ಮೇಲೆ ಒಮ್ಮೆ ಒತ್ತಿದ ಮೇಲಷ್ಟೇ ಚಕ್ರ ಸ್ಲೈಸಿಗೆ ಹೋಗಲಿ. ಕೀಲಿಮಣೆಯ ಬಾಣಗಳಿಂದಲೂ ಎಲ್ಲ ನಡೆಯಬೇಕು. ಬಣ್ಣದ ನಕ್ಷೆಗಳಿಗೆ ಕಾಮನಬಿಲ್ಲಿನ ಬಣ್ಣಪಟ್ಟಿ ಬೇಡ: ಅದು ಇಲ್ಲದ ಗಡಿಗಳನ್ನು ತೋರಿಸುತ್ತದೆ, ಬಣ್ಣ ಗುರುತಿಸಲಾಗದ ಓದುಗರಿಗೆ ಏನನ್ನೂ ತಿಳಿಸುವುದಿಲ್ಲ. ಓದುಗರ ತೆರೆ ರೋಗನಿರ್ಣಯಕ್ಕೆ ಹೊಂದಿಸಿದ್ದಲ್ಲವಾದ್ದರಿಂದ, ಈ ನೋಟ ಚಿಕಿತ್ಸೆಯ ತೀರ್ಮಾನಕ್ಕಲ್ಲ ಎಂಬ ಸಾಲು ವ್ಯೂವರಿನಲ್ಲೇ ಇರಲಿ.

ಕೊನೆಯದಾಗಿ, ದತ್ತಾಂಶವನ್ನು ಯಾವಾಗ ಕೇಳುತ್ತೀರಿ ಎಂಬುದು. ಲೇಖನ ಸ್ವೀಕಾರವಾದ ಮೇಲೆ ಕೇಳಿದರೆ ಲೇಖಕರು ಅದನ್ನು ಕೊನೆಯ ಗಳಿಗೆಯ ಹೊರೆಯೆಂದು ನೋಡುತ್ತಾರೆ, ಪರಿಶೀಲಕರಂತೂ ನೋಡಿಯೇ ಇರುವುದಿಲ್ಲ. ಸಲ್ಲಿಸುವಾಗಲೇ ಕೇಳಿ. ಸ್ಲೈಸ್‌ಗಳ ಎಣಿಕೆ, ಅಂತರ, ಉಳಿದ ಗುರುತು ಟ್ಯಾಗುಗಳ ತಪಾಸಣೆ ಯಂತ್ರವೇ ಮಾಡಲಿ, ತಪ್ಪಿದ್ದರೆ ಲೇಖಕರಿಗೆ ಅಂದೇ ಹಿಂದಿರುಗಲಿ. ಗುರುತು ಅಳಿಸಿದ ಪ್ರತಿಯನ್ನು ಪರಿಶೀಲಕರು ಗುಟ್ಟಿನ ಕೊಂಡಿಯ ಮೂಲಕ ತೆರೆದು, "ಲೇಖಕರು ಹೇಳಿದ ಗಡ್ಡೆಯ ಅಳತೆ ನನಗೂ ಬಂತು" ಎಂದೋ "ಬರಲಿಲ್ಲ" ಎಂದೋ ಬರೆಯಲು ನಮೂನೆಯಲ್ಲಿ ಜಾಗವಿರಲಿ. ಪ್ರಕಟಣೆಯ ದಿನ ಅದೇ ಫೈಲುಗಳು ಭಂಡಾರಕ್ಕೆ ಹೋಗಬೇಕು. ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲ್ ತುಸು ಬದಲಾದರೂ ಬೇರೆಯಾಗುವ, ಬೆರಳಚ್ಚಿನಂಥ ಸಂಖ್ಯೆ) ಜೊತೆಗಿಟ್ಟರೆ ನಡುವೆ ಏನೂ ಬದಲಾಗಿಲ್ಲವೆಂದು ಯಾರು ಬೇಕಾದರೂ ತಾಳೆ ನೋಡಬಹುದು. ನಿಮ್ಮ ಪತ್ರಿಕೆ ಪೋರ್ಟಿಕೊ ಅಥವಾ ಕ್ಲಾಕ್ಸ್‌ನಂಥ ದೀರ್ಘಕಾಲದ ಸಂಗ್ರಹದಲ್ಲಿದ್ದರೆ ಅಲ್ಲಿಗೆ ಲೇಖನದ ಜೊತೆ ದತ್ತಾಂಶವೂ ಹೋಗುತ್ತಿದೆಯೇ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಎಲ್ಲ ವಿಭಾಗಗಳಲ್ಲೂ ಒಟ್ಟಿಗೆ ಶುರು ಮಾಡಬೇಕೆಂದು ನಾವು ಕೇಳುವುದಿಲ್ಲ. ರೋಗಪ್ರಕರಣಗಳ ವಿಭಾಗದಿಂದ ಆರಂಭಿಸಿ: ಒಬ್ಬ ರೋಗಿ, ಒಂದೋ ಎರಡೋ ಸರಣಿ, ಒಂದು ಒಪ್ಪಿಗೆ ಪತ್ರ. ಎದೆಯ ಅಥವಾ ಹೊಟ್ಟೆಯ ಸಿಟಿಯಾದರೆ ಮುಖದ ತೊಡಕೂ ಇರುವುದಿಲ್ಲ. ಅದಕ್ಕೆ ಬೇಕಾದ ಲೇಖಕರ ಮಾರ್ಗಸೂಚಿ, ಒಪ್ಪಿಗೆ ನಮೂನೆಯ ಸಾಲುಗಳು, ತಪಾಸಣೆಯ ಪಟ್ಟಿ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ಇಮೇಜಿಂಗ್ ಪತ್ರಿಕೆಗಳ ಚಿತ್ರಸಿದ್ಧತೆ, ಪರಿಶೀಲನೆ ಮತ್ತು ವ್ಯೂವರ್ ನಿರ್ಮಾಣದಲ್ಲಿ ತೊಡಗಿರುವವರು